ಮೋತಿಯ ಕಿವಿ

ಮಳೆಗಾಲ ಹಿಡಿಯಿತೆಂದರೆ ಮೈಸೂರಿನ ಆ ನಿವೃತ್ತ ಮೇಷ್ಟರ ಮನೆಯಲ್ಲಿ ಬೆಳಗಾಗುತ್ತಿದ್ದುದೇ ಮೋತಿಯ ಕಿವಿಯ ಪಟಪಟ ಸದ್ದಿನಿಂದ. ಮೋತಿ ಕಾಕರ್ ಸ್ಪೇನಿಯಲ್ ಜಾತಿಯ ನಾಯಿ. ಬಾಳೆಲೆಯಂತೆ ಜೋತ ಕಿವಿಗಳು. ತಲೆ ಕೊಡವಿ ಕೊಡವಿ, ಕಾಲಿನಿಂದ ಕೆರೆದು, ಕಡೆಗೆ ನೋವಿನಿಂದ ನರಳುತ್ತಿತ್ತು. ಹತ್ತಿರ ಕುಳಿತವರಿಗೆ ಹುಳಿತ ಹಿಟ್ಟಿನ ವಾಸನೆ. ಮೇಷ್ಟರು ಬೀರುವಿನಿಂದ ಹೋದ ವರ್ಷದ ಶೀಸೆ ತೆಗೆದು 4 ದಿನ ಹನಿ ಹಾಕುವರು. ವಾಸನೆ ಅಡಗುವುದು, ಶೀಸೆ ಬೀರು ಸೇರುವುದು. ತಿಂಗಳು ಕಳೆಯುವಷ್ಟರಲ್ಲಿ ಮತ್ತೆ ಪಟಪಟ. ಮನೆಯಾಕೆ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನೂ ಬಿಟ್ಟದ್ದುಂಟು. ಮನುಷ್ಯರ ಕಿವಿಗೇ ಅದು ಹಿತವೋ ಅಹಿತವೋ, ಆ ಮಾತು ಬೇರೆ.

ನಾಯಿಯ ಕಿವಿಯ ರಚನೆಯೇ ವಿಚಿತ್ರ. ಕಿವಿನಾಳ ಮೊದಲು ಬಾವಿಯಂತೆ ಕೆಳಗಿಳಿದು, ಆಮೇಲೆ ಸುರಂಗದಂತೆ ಒಳಕ್ಕೆ ತಿರುಗುತ್ತದೆ. ತಳ ಸೇರಿದ ಗುಗ್ಗೆಯಾಗಲಿ ನೀರಾಗಲಿ ಸುಲಭವಾಗಿ ಮೇಲೆ ಬಾರದು. ಜೋಲುಗಿವಿಯಾದರೆ ಮೇಲೊಂದು ಮುಚ್ಚಳ ಬೇರೆ. ಆರೋಗ್ಯವಂತ ನಾಯಿಯ ಚರ್ಮದಲ್ಲೂ ಮಲಾಸೀಜಿಯ ಎಂಬ ಯೀಸ್ಟ್ ಇದ್ದೇ ಇರುತ್ತದೆ. ಬಿಸಿ, ತೇವ, ಜಿಡ್ಡು ಮೂರೂ ಒಂದೆಡೆ ದೊರೆತರೆ ಅದರ ಸಂಸಾರ ಬೆಳೆಯುತ್ತದೆ. ಬ್ಯಾಕ್ಟೀರಿಯಗಳೂ ಬಂದು ಸೇರಿಕೊಳ್ಳುತ್ತವೆ.

ಮೂರನೆಯ ಮಳೆಗಾಲದಲ್ಲಿ ಎಡಗಿವಿಯಿಂದ ಕೀವು ಸೋರಿತು. ಪಶುವೈದ್ಯರು ಅದನ್ನು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಿದರು. ಅರಿವಳಿಕೆ ಕೊಟ್ಟು ಕಿವಿ ತೊಳೆದ ಮೇಲೆ ಅವರ ಕಣ್ಣಿಗೆ ಬಿದ್ದದ್ದು ತೂತಾದ ಕಿವಿತಮಟೆ.

"ಈ ಶೀಸೆ ಯಾವ ವರ್ಷದ್ದು, ಮೇಷ್ಟರೆ?" ಎಂದು ಮೆಲ್ಲಗೆ ಕೇಳಿದರು. ತಮಟೆ ಹರಿದಿರುವಾಗ ಕೆಲವು ಹನಿಮದ್ದುಗಳು ಒಳಗಿವಿಗೆ ಇಳಿದು ಕೇಳುವ ಶಕ್ತಿಯನ್ನೇ ಕೆಡಿಸಬಲ್ಲವು. ಮೇಷ್ಟರು ಉತ್ತರ ಕೊಡಲಿಲ್ಲ.

ವೈದ್ಯರ ಪ್ರಶ್ನೆಗಳು ಕಿವಿಗೇ ಮುಗಿಯಲಿಲ್ಲ. ಮೋತಿ ಪಾದ ನೆಕ್ಕುವುದುಂಟೆ? ಹೊಟ್ಟೆಯ ಚರ್ಮ ಕೆಂಪಾಗುವುದುಂಟೆ? ಎರಡೂ ಉಂಟು. ಕಿವಿನಾಳದ ಒಳಗೋಡೆಯೂ ಚರ್ಮವೇ ತಾನೆ! ಮರಳಿ ಮರಳಿ ಬರುವ ಕಿವಿಬೇನೆಯ ಬೇರು ಎಷ್ಟೋ ವೇಳೆ ಅಲರ್ಜಿಯಲ್ಲಿರುತ್ತದೆ. ಧೂಳಿನ ನುಸಿಯೋ ಆಹಾರವೋ ಹುಡುಕಬೇಕು.

8 ವಾರ ಗೊತ್ತುಮಾಡಿದ ಆಹಾರವೊಂದೇ. ಹಾಲು, ಮೊಸರನ್ನ, ರಸ್ಕು ವರ್ಜ್ಯ. ವಾಸನೆ ಹೋಯಿತೆಂದು ಮದ್ದು ನಿಲ್ಲಿಸುವಂತಿಲ್ಲ. ವೈದ್ಯರು ಮತ್ತೆ ಪರೀಕ್ಷಿಸಿ ಸಾಕೆನ್ನಬೇಕು. 5 ವಾರ ಮನೆಯಲ್ಲಿ ಶಾಂತಿ. ಆಮೇಲೆ ಮತ್ತೆ ಕೆರೆತ! ಮನೆಯಾಕೆ ಮೊಮ್ಮಗನನ್ನು ಗದರಿದರು. ಹುಡುಗ ಅಳುವಂತಾದಾಗ ಮೇಷ್ಟರು ಕನ್ನಡಕ ಒರೆಸಿಕೊಳ್ಳುತ್ತ, ಕಾಫಿಯ ಹೊತ್ತಿನಲ್ಲಿ ರಸ್ಕು ಕೊಟ್ಟವರು ತಾವೇ ಎಂದು ಒಪ್ಪಿಕೊಂಡರು. ವಾರಗಳ ಲೆಕ್ಕ ಮತ್ತೆ ಮೊದಲಿನಿಂದ.

ಈಗ ತಮಟೆ ಕೂಡಿಕೊಂಡಿದೆ. ಸ್ನಾನವಾದ ಮೇಲೆ ವೈದ್ಯರು ಕೊಟ್ಟ ದ್ರವವನ್ನು ಕಿವಿಗೆ ಬಿಟ್ಟು, ಬುಡವನ್ನು ನೀವಿ, ಮೋತಿ ತಲೆ ಕೊಡವಿದಾಗ ಹೊರಬಂದುದನ್ನಷ್ಟೆ ಹತ್ತಿಯಿಂದ ಒರೆಸುತ್ತಾರೆ, ಕಡ್ಡಿ ತೂರಿಸುವುದಿಲ್ಲ. ಮಳೆಗಾಲದ ಪಟಪಟ ನಿಂತಿದೆ. ಆದರೆ ಬಲಗಿವಿಯನ್ನು ನೆಲಕ್ಕೊತ್ತಿ ಮಲಗಿದಾಗ ಗೇಟಿನ ಚಿಲಕ ಸದ್ದಾದರೂ ಮೋತಿ ತಲೆ ಎತ್ತುವುದಿಲ್ಲ. ಕೆಡಿಸಿದ್ದು ಕೀವೋ, ಹಳೆಯ ಶೀಸೆಯೋ, ಹೇಳಬಲ್ಲವರಿಲ್ಲ. ಹೊರಗಿನಿಂದ ಬಂದ ಮೇಷ್ಟರು ಹೆಸರು ಹಿಡಿದು ಕೂಗದೆ, ಹತ್ತಿರ ಹೋಗಿ, ನೆಲದ ಮೇಲೆ ಕೋಲನ್ನು ಮೆಲ್ಲಗೆ ತಟ್ಟುತ್ತಾರೆ.