ತಳದವರ ನೆಲ

ಗಾಜಿನ ತೊಟ್ಟಿ ಕೊಳ್ಳಲು ಹೋದವರು ಮೊದಲು ಮೀನಿನ ಬಣ್ಣ ನೋಡುತ್ತಾರೆ, ಆಮೇಲೆ ಕಲ್ಲಿನ ಬಣ್ಣ. ನೀಲಿ, ಗುಲಾಬಿ, ಕಣ್ಣು ಕುಕ್ಕುವ ಹಸಿರು, ಯಾವುದು ಬೇಕಾದರೂ ಕಿಲೋ ಲೆಕ್ಕದಲ್ಲಿ ಸಿಗುತ್ತದೆ. ಗಪ್ಪಿಗೋ ಏಂಜೆಲ್ಲಿಗೋ ಇದರಿಂದ ಆಗಬೇಕಾದ್ದು ಏನೂ ಇಲ್ಲ, ಅವು ಮಹಡಿಯವರು. ಆದರೆ ಕೋರಿಡೋರಸ್ ನೆಲಮಾಳಿಗೆಯ ಒಕ್ಕಲು. ಊಟ, ನಿದ್ದೆ, ಗೆಳೆತನ ಎಲ್ಲವೂ ತಳದಲ್ಲೇ. ನೆಲ ಹೇಗಿರಬೇಕೆಂದು ಅದನ್ನು ಮಾತ್ರ ಯಾರೂ ಕೇಳುವುದಿಲ್ಲ.

ದಕ್ಷಿಣ ಅಮೆರಿಕದ ಈ ಪುಟ್ಟ ಕ್ಯಾಟ್‌ಫಿಶ್ಶಿಗೆ ಹೆಬ್ಬೆರಳಿನಷ್ಟು ಮೈ, ಮೈಮೇಲೆ ಹುರುಪೆಯ ಬದಲು ಎರಡು ಸಾಲು ಎಲುಬಿನ ಫಲಕ, ಬಾಯಿಯ ಸುತ್ತ ಮೀಸೆ. ನಮ್ಮ ಅಂಗಡಿಗಳಲ್ಲಿ ಪೆಪ್ಪರ್ ಕೋರಿ ಎಂದು ಮಾರುವ ಜಾತಿಯನ್ನು ಬೀಗಲ್ ಹಡಗಿನ ಯಾನದಲ್ಲಿ ಹಿಡಿದು ತಂದವನು ಚಾರ್ಲ್ಸ್ ಡಾರ್ವಿನ್; ಅದನ್ನು ವರ್ಣಿಸಿ 1842ರಲ್ಲಿ ಹೆಸರಿಟ್ಟವನು ಪಾದ್ರಿ ಲಿಯೊನಾರ್ಡ್ ಜೆನಿನ್ಸ್. ಇಂಥ ಮನೆತನದ ಮೀನು ಉಣ್ಣುವ ರೀತಿ ನೋಡಬೇಕು. ಕಣ್ಣಿನವರೆಗೂ ಮೂತಿಯನ್ನು ಮರಳಿಗೆ ಹೂತು ಬಾಯ್ತುಂಬ ಎತ್ತುತ್ತದೆ; ಹುಳುವೋ ಕಾಳೋ ಇದ್ದರೆ ಒಳಗೆ, ಮರಳೆಲ್ಲ ಕಿವಿರಿನಿಂದ ಹೊರಗೆ. ಅಮ್ಮ ಮೊರದಲ್ಲಿ ಅಕ್ಕಿ ಕೇರುವಷ್ಟೇ ಸಲೀಸು. ಜಲ್ಲಿ ಹಾಸಿದ ತೊಟ್ಟಿಯಲ್ಲಿ ಈ ಕಸುಬು ನಡೆಯುವುದಿಲ್ಲ. ಕಲ್ಲು ಬಾಯಿಗೆ ಹಿಡಿಸದು. ಕಾಳು ಸಂದಿಗೆ ಬಿದ್ದು ಅಲ್ಲೇ ಕೊಳೆಯುತ್ತದೆ. ಆ ಕೊಳೆಯೂ ಕಲ್ಲಿನ ಚೂಪೂ ಸೇರಿದರೆ ಮೀಸೆ ಸವೆದು ಮೊಟಕಾಗುತ್ತದೆ.

ಹಾಗಾದರೆ ಇಷ್ಟು ಕಾಲ ಎಲ್ಲರೂ ಜಲ್ಲಿಯನ್ನೇ ಏಕೆ ಹಾಕಿದರು? ಉತ್ತರ ನಮ್ಮ ಹಾಲಿನಲ್ಲೇ ಇತ್ತು. ಅಪ್ಪನ ತೊಟ್ಟಿಯ ತಳದಲ್ಲಿ ತೂತುಗಳ ಪ್ಲಾಸ್ಟಿಕ್ ತಟ್ಟೆ, ಅದರ ಮೇಲೆ ದಪ್ಪಗೆ ಜಲ್ಲಿ, ಮೂಲೆಯಲ್ಲಿ ಹಗಲಿರುಳು ಗುಳುಗುಟ್ಟುವ ಕೊಳವೆ. ಅಂಡರ್‌ಗ್ರಾವೆಲ್ ಫಿಲ್ಟರ್ ಎಂದರೆ ಇದೇ. ಗುಳ್ಳೆಗಳು ಕೊಳವೆಯಲ್ಲಿ ನೀರನ್ನು ಮೇಲೆತ್ತಿದಂತೆ ತೊಟ್ಟಿಯ ನೀರು ಜಲ್ಲಿಯ ಮೂಲಕ ಕೆಳಗಿಳಿಯುತ್ತದೆ. ಜಲ್ಲಿಗೆ ಅಂಟಿದ ಬ್ಯಾಕ್ಟೀರಿಯಾ ಮೀನಿನ ಹೊಲಸಿನ ಅಮೋನಿಯಾವನ್ನು ನೈಟ್ರೇಟ್ ಆಗಿಸುತ್ತವೆ. ಮರಳು ಹಾಕಿದರೆ ತೂತು ಕಟ್ಟಿಕೊಳ್ಳುತ್ತದೆ, ಕಾರ್ಖಾನೆ ಬಂದ್. ಕರೆಂಟ್ ಹೋದರೆ ಅಪ್ಪ ಫ್ಯಾನಿಗಿಂತ ಮೊದಲು ಆ ಕೊಳವೆಯ ಕಡೆ ನೋಡುತ್ತಿದ್ದರು.

ಅದಕ್ಕೂ ಹಿಂದೆ ನೆಲದ ಯಜಮಾನಿಕೆ ಗಿಡದ್ದು. 1850ರಲ್ಲಿ ಲಂಡನ್ನಿನ ರಸಾಯನ ವಿಜ್ಞಾನಿ ರಾಬರ್ಟ್ ವಾರಿಂಗ್ಟನ್ ಚಿನ್ನದ ಮೀನು, ಬಸವನಹುಳು, ವ್ಯಾಲಿಸ್ನೇರಿಯಾ ಗಿಡ ಮೂರನ್ನೂ ಒಂದೇ ಪಾತ್ರೆಯಲ್ಲಿಟ್ಟು ನೀರು ಬದಲಿಸದೆ ಬಾಳಿಸಬಹುದೆಂದು ತೋರಿಸಿದ. ತಳಕ್ಕೆ ಮರಳು, ಕೆಸರು ಹಾಕಿದ್ದು ಬೇರು ಊರಲಿ ಎಂದು. ಗಿಡಕ್ಕಾಗಿ ಒಂದು ಕಾಲ, ಫಿಲ್ಟರಿಗಾಗಿ ಒಂದು ಕಾಲ, ಈಗ ಸೋಫಾದ ಮೇಲೆ ಕೂತವರ ಕಣ್ಣಿಗಾಗಿ. ಸ್ಪಂಜಿನ ಫಿಲ್ಟರೂ ಹೊರಗೆ ತೂಗುಹಾಕುವ ಫಿಲ್ಟರೂ ಬಂದು ನೆಲಕ್ಕೆ ಆ ದುಡಿಮೆಯಿಂದ ಬಿಡುಗಡೆ ಸಿಕ್ಕಿ ಎಷ್ಟೋ ಕಾಲವಾಗಿದ್ದರೂ ಮೀನಿನ ಸರದಿ ಮಾತ್ರ ಬಂದಿರಲಿಲ್ಲ.

ನಮ್ಮ ಮನೆಯಲ್ಲಿ ಆ ಸರದಿ ಬಂದದ್ದು ಮೇಲಂತಸ್ತು ಕಟ್ಟಿಸುವಾಗ. ಮೇಸ್ತ್ರಿಯ ಬಳಿ ಒಂದು ಬಕೆಟ್ ಮರಳು ಕೇಳಿದೆ.

“ಎಂ-ಸ್ಯಾಂಡ್ ಬೇಕಾದಷ್ಟಿದೆ, ತಗೊಳ್ಳಿ ಸಾರ್.”

“ಅದು ಚುಚ್ಚುತ್ತೆ ಮೇಸ್ತ್ರಿ, ಮೀನಿಗೆ.”

“ಚುಚ್ಚಬೇಕು ಸಾರ್, ಆಗಲೇ ಸಿಮೆಂಟ್ ಕಚ್ಚಿಕೊಳ್ಳೋದು!”

ಅವರ ಮಾತು ಸರಿಯೇ. ಹೊಳೆಯ ಮರಳಿಗೆ ಕಡಿವಾಣ ಬಿದ್ದ ಮೇಲೆ ನಮ್ಮ ಕಡೆ ಕಲ್ಲು ಪುಡಿ ಮಾಡಿದ ಎಂ-ಸ್ಯಾಂಡಿನದೇ ರಾಜ್ಯ. ಯಂತ್ರ ನಿನ್ನೆ ಮೊನ್ನೆ ಒಡೆದ ಕಲ್ಲಿಗೆ ಮೂಲೆಗಳಿರುತ್ತವೆ. ಹೊಳೆ ಅದೇ ಮೂಲೆಗಳನ್ನು ಉರುಳಿಸಿ ಉರುಳಿಸಿ ಸವೆಸಿರುತ್ತದೆ. ಗೋಡೆಗೆ ಮೊದಲನೆಯದು ವಾಸಿ, ಮೀಸೆಗೆ ಎರಡನೆಯದು. ಕೊನೆಗೆ ಹಳೆಯ ಕಟ್ಟಡದ ಕಾಲದಿಂದ ಹಿತ್ತಿಲಲ್ಲಿ ಉಳಿದಿದ್ದ ಹೊಳೆ ಮರಳಿನ ಗುಡ್ಡೆಯನ್ನು ಅವರೇ ತೋರಿಸಿದರು.

ಜರಡಿ ಹಿಡಿದು ಸಕ್ಕರೆ ಕಾಳಿನ ಗಾತ್ರದ್ದನ್ನಷ್ಟೇ ಉಳಿಸಿಕೊಂಡೆ. ಸಿಮೆಂಟೋ ಚಿಪ್ಪಿನ ಚೂರೋ ಬೆರೆತಿದ್ದರೆ ನೀರು ಗಡುಸಾಗುತ್ತದೆ. ಅದಕ್ಕೆ ಒಂದು ಹಿಡಿಗೆ ವಿನಿಗರ್ ಸುರಿದು ನೊರೆ ಏಳುತ್ತದೆಯೇ ಎಂದು ಬಗ್ಗಿ ನೋಡುತ್ತಿದ್ದೆ. ಅಮ್ಮ ಬಂದು, “ಮರಳಿಗೂ ಉಪ್ಪಿನಕಾಯಿ ಹಾಕ್ತೀಯೇನೋ?” ಎಂದಳು. ನೊರೆ ಏಳಲಿಲ್ಲ. ಬೀದಿಯವರೆಲ್ಲ ನೀರಿಗೆ ಪರದಾಡುವ ಬೇಸಿಗೆಯಲ್ಲಿ ಬಕೆಟ್‌ಗಟ್ಟಲೆ ನೀರಲ್ಲಿ ಮರಳು ತೊಳೆಯುವವನ ಮರ್ಯಾದೆ ಎಷ್ಟೆಂದು ಹೇಳಬೇಕಾಗಿಲ್ಲ. ತೊಳೆದ ನೀರನ್ನು ಗೋಡೆಯ ಕ್ಯೂರಿಂಗಿಗೆ ಹಾಕಿ ಪಾರಾದೆ. ಹಾಸಿದ್ದು ಎರಡು ಬೆರಳಿನಷ್ಟೇ ದಪ್ಪ. ಆಳ ಹೆಚ್ಚಾದರೆ ಅಡಿಯಲ್ಲಿ ಗಾಳಿಯಾಡದೆ ಕೊಳೆತ ಮೊಟ್ಟೆಯ ವಾಸನೆಯ ಅನಿಲ ಹುಟ್ಟಿಕೊಳ್ಳುತ್ತದೆ.

ಕೋರಿಗಳು ಇಳಿದದ್ದೇ ತಡ, ಮೂತಿ ಹೂತು ಕೆಲಸ ಶುರು ಮಾಡಿದವು. ಮಧ್ಯೆ ಮಧ್ಯೆ ಒಂದೊಂದು ಮೇಲಕ್ಕೆ ಚಿಮ್ಮಿ ಒಂದು ಗುಟುಕು ಗಾಳಿ ನುಂಗಿ ಬರುತ್ತಿತ್ತು. ಆ ಗಾಳಿಯಿಂದ ಆಮ್ಲಜನಕ ಹೀರುವುದು ಇವುಗಳ ಕರುಳು. ನಾನು ಹಲಗೆಯಿಂದ ಸವರಿ ಸಮ ಮಾಡಿದ್ದ ನೆಲ ಸಂಜೆಯೊಳಗೆ ಗುಂಡಿ ದಿಬ್ಬಗಳಾಯಿತು.

ಗೃಹಪ್ರವೇಶಕ್ಕೆ ಬಂದ ಮೇಸ್ತ್ರಿ ಕೋಸಂಬರಿಯ ದೊನ್ನೆ ಹಿಡಿದು ತೊಟ್ಟಿಯ ಮುಂದೆ ಬಹಳ ಹೊತ್ತು ನಿಂತರು. “ಮರಳು ಒಳ್ಳೇದೇ ಸಾರ್. ಆದರೆ ಲೆವೆಲ್ಲೇ ಇಲ್ವಲ್ಲ!”

ಆ ಗುತ್ತಿಗೆ ನನ್ನದಲ್ಲ ಎಂದೆ.