ಬಿಲ್ಲಿನಲ್ಲಿ ಕಾಣದ ಉಳಿತಾಯ

ಬಯಲುಸೀಮೆಯ ಒಂದು ಗ್ರಾಮ ಪಂಚಾಯಿತಿಯಲ್ಲಿ ನಾನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಆಗಿದ್ದಾಗಿನ ಮಾತು. ಹದಿನೈದನೇ ಹಣಕಾಸು ಆಯೋಗದ ಅನುದಾನದಲ್ಲಿ ಬೀದಿದೀಪಗಳನ್ನೆಲ್ಲ ಎಲ್‌ಇಡಿ ಮಾಡಬೇಕು, ಕುಡಿಯುವ ನೀರಿನ ಹಳೇ ಮೋಟಾರು ತೆಗೆದು ಕರೆಂಟು ಕಡಿಮೆ ಎಳೆಯುವ ಪಂಪು ಇಳಿಸಬೇಕು ಎಂದು ಹೊರಟೆವು. ದೀಪ ಬದಲಾಯಿಸುವುದೇನೂ ಕಷ್ಟವಾಗಲಿಲ್ಲ. ಅದರ ಕಡತ ಮಾತ್ರ ನಾನು ಅಲ್ಲಿದ್ದಷ್ಟು ಕಾಲವೂ ನನ್ನ ಬೆನ್ನು ಬಿಡಲಿಲ್ಲ.

ನಮ್ಮನ್ನು ಹೊರಡಿಸಿದ್ದು ಕರೆಂಟ್ ಬಿಲ್ಲು. ಬಾಕಿ, ಬಾಕಿಯ ಮೇಲೆ ಬಡ್ಡಿ. ಪಂಚಾಯಿತಿ ಹೆಸರಿನಲ್ಲಿದ್ದ ವಿದ್ಯುತ್ ಸಂಪರ್ಕಗಳ ಆರ್‌ಆರ್ ನಂಬರುಗಳ ಪಟ್ಟಿ ಹಿಡಿದು ವಾಟರ್‌ಮನ್ ಜೊತೆ ಕೂತರೆ, ಬತ್ತಿ ಕಲ್ಲು ಮುಚ್ಚಿದ ಬೋರ್‌ವೆಲ್ಲಿಗೂ ಬಿಲ್ಲು ಬರುತ್ತಿದೆ. ಬೀದಿದೀಪದ ಎಷ್ಟೋ ಸಂಪರ್ಕಗಳಿಗೆ ಮೀಟರೇ ಇಲ್ಲ. ಯಾವ ಕಾಲದಲ್ಲೋ ಯಾರೋ ಬರೆದುಕೊಂಡ ಲೋಡಿನ ಲೆಕ್ಕದಲ್ಲಿ ಪ್ರತಿ ತಿಂಗಳೂ ಅಷ್ಟೇ ಯೂನಿಟ್ಟು.

ಕಾಗದದ ಮೇಲೆ ನಮ್ಮ ಲೆಕ್ಕ ಸೊಗಸಾಗಿತ್ತು. ತಾಮ್ರದ ಚೋಕಿನ 40 ವ್ಯಾಟ್ ಟ್ಯೂಬ್‌ಲೈಟು ಚೋಕೂ ಸೇರಿ 55 ವ್ಯಾಟಿನಷ್ಟು ತಿನ್ನುತ್ತದೆ. ಅದರ ಜಾಗಕ್ಕೆ 20 ವ್ಯಾಟಿನ ಎಲ್‌ಇಡಿ. ರಾತ್ರಿಗೆ 12 ಗಂಟೆ ಹಿಡಿದರೂ ಒಂದು ದೀಪಕ್ಕೆ ವರ್ಷಕ್ಕೆ 150 ಯೂನಿಟ್ಟು ಮಿಗುತ್ತದೆ. ಬಸ್‌ಸ್ಟ್ಯಾಂಡಿನ 250 ವ್ಯಾಟ್ ಸೋಡಿಯಂ ದೀಪಗಳಲ್ಲಂತೂ ಇನ್ನೂ ಹೆಚ್ಚು.

ಆದರೆ ಅನುದಾನ ಬರುತ್ತಿದ್ದುದು ಎರಡು ಪಾಲಾಗಿ. 2021-22ರಿಂದ ಶೇ 60 ನೀರು-ನೈರ್ಮಲ್ಯಕ್ಕೇ ಕಟ್ಟಿಟ್ಟ ಹಣ, ಶೇ 40 ಮುಕ್ತ ಹಣ. ಪಂಪು ಮೊದಲನೆಯದಕ್ಕೆ, ದೀಪ ಎರಡನೆಯದಕ್ಕೆ. ನಮಗೆ ಒಂದೇ ಕೆಲಸ. ಅಂದಾಜುಪಟ್ಟಿ ಎರಡು, ಮಂಜೂರಾತಿ ಎರಡು, ಹಣ ಬಳಕೆ ಪ್ರಮಾಣಪತ್ರದಲ್ಲೂ ಬೇರೆ ಬೇರೆ ಲೆಕ್ಕ. ಯೋಜನೆ ಏರಿಸಬೇಕಾದ ಪೋರ್ಟಲ್ಲಿನಲ್ಲಿ ವಿಷಯಗಳು ಸಂವಿಧಾನದ 11ನೇ ಅನುಸೂಚಿಯ ಪ್ರಕಾರ. ಆ 29 ವಿಷಯಗಳಲ್ಲಿ ಗ್ರಾಮೀಣ ವಿದ್ಯುದೀಕರಣವಿದೆ, ಅಸಾಂಪ್ರದಾಯಿಕ ಇಂಧನವಿದೆ. ಕರೆಂಟು ಉಳಿಸುವುದು ಇಲ್ಲ. ನಮ್ಮದು ಬೀದಿದೀಪ ನಿರ್ವಹಣೆ ಎಂದೇ ಒಳಗೆ ಹೋಯಿತು.

ಗ್ರಾಮಸಭೆಯಲ್ಲಿ ಉಳಿತಾಯದ ಮಾತು ಎತ್ತಿದರೆ ಯಾರೂ ಕಿವಿಗೊಡಲಿಲ್ಲ. ‘ಇರೋದನ್ನ ಯಾಕೆ ಕೀಳ್ತೀರಿ ಸ್ವಾಮಿ, ನಮ್ಮ ಹಟ್ಟಿ ಕಡೆ ಲೈಟೇ ಇಲ್ವಲ್ಲ’ ಎಂದು ಒಬ್ಬ ಅಜ್ಜಿ ಕೇಳಿದರು. ನ್ಯಾಯವಾದ ಪ್ರಶ್ನೆ. ಸದಸ್ಯರು ತಮ್ಮ ತಮ್ಮ ವಾರ್ಡಿಗೆ ಹೊಸ ದೀಪ ಬರೆಸಿದರು. ಉಳಿಯಬೇಕಿದ್ದ ಯೂನಿಟ್ಟಿನಲ್ಲಿ ಒಂದು ಪಾಲು ಅಂದೇ ಖರ್ಚಾಯಿತು. ಹಟ್ಟಿಗೆ ದೀಪ ಹಾಕಿದ್ದಕ್ಕೆ ನನಗೆ ಇಂದಿಗೂ ಬೇಸರವಿಲ್ಲ. ದೇವಸ್ಥಾನದ ಮುಂದೆ ಮೂರು ಹಾಕಿಸಿಕೊಂಡವರ ಬಗ್ಗೆ ಇದೆ.

ಟೆಂಡರಿನಲ್ಲಿ ಸಿಡಿಲಿನ ಹೊಡೆತ ತಡೆಯಲು 10 ಕಿಲೋವೋಲ್ಟಿನ ಸರ್ಜ್ ರಕ್ಷಣೆ ಕೇಳಿದ್ದೆವು. ಬಂದ ಫಿಟ್ಟಿಂಗಿನ ಮೇಲೆ ನೋಡಿದರೆ 4. ಸರಬರಾಜುದಾರ ‘ಎಲ್ಲ ಕಡೆ ಇದೇ ಹಾಕ್ತೀವಿ ಸಾರ್’ ಅಂದ. ವಾಪಸ್ ಕಳಿಸಿದೆವು.  ಅಂಥ ಹೊಡೆತವನ್ನು ಹಳೇ ಚೋಕು ಹೇಗೋ ತಾಳಿಕೊಳ್ಳುತ್ತಿತ್ತು, ಎಲ್‌ಇಡಿಯ ಡ್ರೈವರು ತಾಳುವುದಿಲ್ಲ. ಮಾರ್ಚ್ ಒಳಗೆ ಖರ್ಚು ತೋರಿಸಿ ಎಂದು ಮೇಲಿನಿಂದ ಫೋನು ಬರುತ್ತಿರುವಾಗ ಮಾಲು ವಾಪಸ್ ಕಳಿಸುವವನ ಪಾಡು ಅನುಭವಿಸಿದವರಿಗೇ ಗೊತ್ತು.

ಸರಿಯಾದ ಮಾಲು ಬಂದು, ದೀಪ ಏರಿ, ಕೆಲಸಕ್ಕೆ ಮೊದಲು, ನಡೆಯುವಾಗ, ಮುಗಿದ ಮೇಲೆ ಎಂದು ಜಿಯೋಟ್ಯಾಗ್ ಫೋಟೋಗಳೂ ಏರಿದವು. ಹಣ ಪಾವತಿಗೆ ಅಧ್ಯಕ್ಷರ ಮತ್ತು ನನ್ನ ಡಿಜಿಟಲ್ ಸಹಿ ಬೇಕು. ಅಷ್ಟರಲ್ಲಿ 2023ರಲ್ಲಿ ಅಧ್ಯಕ್ಷರ 30 ತಿಂಗಳ ಅವಧಿ ಮುಗಿಯಿತು. ಹೊಸ ಮೀಸಲಾತಿ, ಚುನಾವಣೆ, ಹೊಸ ಅಧ್ಯಕ್ಷೆ, ಅವರ ಹೆಸರಿಗೆ ಹೊಸ ಡಿಜಿಟಲ್ ಸಹಿ. ಅವರ ಆಧಾರಿನಲ್ಲಿ ಇನಿಷಿಯಲ್ ಹಿಂದಿದ್ದರೆ ಪ್ಯಾನಿನಲ್ಲಿ ಮುಂದಿತ್ತು. ಆ ಒಂದು ಅಕ್ಷರ ಸರಿಹೋಗುವವರೆಗೆ ಸರಬರಾಜುದಾರ ನಮ್ಮ ಕಚೇರಿ ಬೆಂಚಿನಲ್ಲಿ ಕಾಯಂ ಆಗಿಬಿಟ್ಟ.

ಇಷ್ಟೆಲ್ಲ ಆಗಿ ಬೀದಿದೀಪದ ಬಿಲ್ಲು ಬಂತು. ಒಂದು ಯೂನಿಟ್ಟೂ ಇಳಿದಿರಲಿಲ್ಲ.

ಮೀಟರಿಲ್ಲದ ಸಂಪರ್ಕಕ್ಕೆ ನಾವು ಏನು ಹಾಕಿದ್ದೇವೆ ಎಂಬುದು ಲೆಕ್ಕಕ್ಕಿಲ್ಲ, ವಿದ್ಯುತ್ ಕಂಪನಿಯವರ ಪುಸ್ತಕದಲ್ಲಿ ಏನಿದೆ ಎಂಬುದೇ ಲೆಕ್ಕ. ಪುಸ್ತಕದಲ್ಲಿ ಇನ್ನೂ ಟ್ಯೂಬ್‌ಲೈಟು, ಸೋಡಿಯಂ. ಲೋಡು ತಿದ್ದಿ ಎಂದು ಅರ್ಜಿ ಕೊಟ್ಟರೆ, ಬಾಕಿ ಕಟ್ಟಿ ಆಮೇಲೆ ನೋಡೋಣ ಎಂದರು. ಬಾಕಿ ಬೆಳೆದದ್ದೇ ಈ ಲೆಕ್ಕದಿಂದ ಎಂದು ನಾನು, ಬಾಕಿ ಇದ್ದರೆ ಅರ್ಜಿ ತಗೊಳ್ಳುವ ಹಾಗಿಲ್ಲ ಎಂದು ಅವರು. ಕೊನೆಗೆ ತಾಲ್ಲೂಕು ಪಂಚಾಯಿತಿ ಇಒ ನಡುವೆ ಬಂದು ಜಂಟಿ ಸರ್ವೆ ಎಂದಾಯಿತು.

ಸರ್ವೆ ನಡೆದದ್ದು ಸಂಜೆ ಮೇಲೆ. ಲೈನ್‌ಮನ್ ಕಂಬ ಎಣಿಸಿದ, ನಮ್ಮ ವಾಟರ್‌ಮನ್ ಟಾರ್ಚು ಹಿಡಿದ, ಬಿಲ್ ಕಲೆಕ್ಟರ್ ಬರೆದುಕೊಂಡ. ಆಗ ಇನ್ನೊಂದು ಹೊರಬಿತ್ತು. ಒಂದು ಹಳ್ಳಿಯಲ್ಲಿ ಬೀದಿದೀಪಕ್ಕೆಂದು ಪ್ರತ್ಯೇಕ ತಂತಿಯೇ ಇಲ್ಲ, ಮನೆಗಳಿಗೆ ಹೋಗುವ ಫೇಸಿಗೇ ದೀಪ ಸಿಕ್ಕಿಸಿದ್ದಾರೆ. ಸ್ವಿಚ್ಚಿಲ್ಲ, ಹಗಲೂ ಉರಿಯುತ್ತವೆ. ಹೊಸ ದೀಪ ರಾತ್ರಿ ಮಾತ್ರ ಉರಿದರೆ ದಿನಕ್ಕೆ 240 ವ್ಯಾಟ್-ಅವರ್, ಹಗಲೂ ಉರಿದರೆ 480. ನಮ್ಮ ಅಂದಾಜಿನಲ್ಲಿ ಹಳೆಯದು ರಾತ್ರಿಗೆ ತಿನ್ನುತ್ತಿದ್ದುದು 660. ಅಂದರೆ ಉಳಿಯಬೇಕಾದ 420ರಲ್ಲಿ ಕೈಗೆ ಸಿಗುವುದು 180. ಪ್ರತ್ಯೇಕ ತಂತಿ ಎಳೆಯುವ ಖರ್ಚು ದೀಪದ ಅಂದಾಜಿನಲ್ಲಿರಲಿಲ್ಲ, ಇರುವ ಹಾಗೆಯೂ ಇಲ್ಲ. ಕಂಬ, ತಂತಿ ಕಂಪನಿಯದು, ದೀಪ ನಮ್ಮದು. ಮುಂದಿನ ವರ್ಷದ ಕ್ರಿಯಾಯೋಜನೆಯಲ್ಲಿ ತಂತಿಗೂ ಮೀಟರ್ ಬಾಕ್ಸಿಗೂ ಟೈಮರಿಗೂ ಹಣ ಇಟ್ಟು, ಕಂಪನಿಗೆ ಠೇವಣಿ ಕಟ್ಟಿ ಮಾಡಿಸಬೇಕಾಯಿತು. ಮೀಟರು ಕೂತ ಮೇಲೆ ಬಿಲ್ಲು ಇಳಿಯಿತು. ಬತ್ತಿದ ಬೋರ್‌ವೆಲ್ಲಿನ ಆರ್‌ಆರ್ ನಂಬರುಗಳೂ ರದ್ದಾದವು.

ಲೆಕ್ಕಪರಿಶೋಧನೆಯಲ್ಲಿ ಎಷ್ಟು ಯೂನಿಟ್ಟು ಉಳಿಯಿತು ಎಂದು ಯಾರೂ ಕೇಳಲಿಲ್ಲ. ಕೇಳಿದ್ದು ಹಳೇ ಚೋಕು ಎಲ್ಲಿ ಎಂದು. ತಾಮ್ರಕ್ಕೆ ಬೆಲೆಯಿದೆ, ಕೇಳಬೇಕಾದದ್ದೇ. ದಾಸ್ತಾನು ವಹಿಯಲ್ಲಿ ಒಂದೊಂದನ್ನೂ ಬರೆಸಿ ಹಳೇ ಗ್ರಂಥಾಲಯದ ಕೋಣೆಯಲ್ಲಿ ಬೀಗ ಹಾಕಿಸಿದ್ದೆ, ಹರಾಜಿಗೆ ಅನುಮತಿ ಬಂದಿರಲಿಲ್ಲ. ಆಕ್ಷೇಪಣೆ ಬಿಟ್ಟರು. ಟ್ಯೂಬುಗಳಲ್ಲಿ ಪಾದರಸವಿರುತ್ತದೆ, ಅವನ್ನು ಗುಜರಿಗೆ ಹಾಕಬಾರದು ಎಂದರೆ ಹಾಗಾದರೆ ಎಲ್ಲಿಗೆ ಎಂಬುದಕ್ಕೆ ತಾಲ್ಲೂಕಿನಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ನಾನು ವರ್ಗವಾಗಿ ಹೊರಟಾಗಲೂ ಅವು ಅದೇ ಕೋಣೆಯಲ್ಲಿದ್ದವು.

ಈಗಿನ ಪಂಚಾಯಿತಿಯಲ್ಲೂ ನಾನು ಬರುವ ಮೊದಲೇ ಎಲ್‌ಇಡಿ ಹಾಕಿದ್ದಾರೆ. ಕಡತದಲ್ಲಿ ಫೋಟೋ ಇದೆ, ಪಾವತಿಯ ರಸೀದಿ ಇದೆ. ಲೋಡು ತಿದ್ದಿದ ಪತ್ರ ಇಲ್ಲ. ಹೋದ ವಾರ ಜಂಟಿ ಸರ್ವೆಗೆ ಬರೆದಿದ್ದೇನೆ. ಮೊದಲು ಬಾಕಿ ಕಟ್ಟಿ ಎಂದು ಉತ್ತರ ಬಂದಿದೆ.