ಕಲ್ಲಿನ ರಥದ ಮುಂದೆ

ದಸರೆಯ ರಜೆಯಲ್ಲಿ ತುರ್ವಿಹಾಳದಿಂದ ಸಿಂಧನೂರು, ಗಂಗಾವತಿಗಳ ಮಾರ್ಗವಾಗಿ ಹಂಪೆಗೆ ಹೊರಟೆವು. ಒಂದು ಬೆಳಗಿನ ಮಟ್ಟಿಗೆ ಛಾಯಾಗ್ರಾಹಕನೊಬ್ಬನನ್ನು ಮೊದಲೇ ಗೊತ್ತುಮಾಡಿದ್ದೆ. ತ್ರಿಪಾದಿ ಹೂಡಲು ಪುರಾತತ್ತ್ವ ಇಲಾಖೆಯ ಅನುಮತಿ ಬೇಕಾಗುವುದರಿಂದ, ಕೈಯಲ್ಲಿ ಹಿಡಿದೇ ತೆಗೆಯುವುದೆಂದು ಒಪ್ಪಂದವಾಗಿತ್ತು.

ವಿಠ್ಠಲ ದೇವಾಲಯದ ಕಲ್ಲಿನ ರಥದೆದುರು ಮಕ್ಕಳು ಸಾಲಾಗಿ ನಿಂತರು. ಅವ್ವ ಮಾತ್ರ ದೂರ ಸರಿದಳು.

“ನನ್ನ ಪಟ ಯಾಕೋ ತಮ್ಮಾ? ಗುಡೀದು ತೆಗಸು, ಅದು ಉಳಿಯೂದು.”

ತಂದೆಯವರ ಒಂದು ಚಿತ್ರವೂ ನಮ್ಮ ಮನೆಯಲ್ಲಿಲ್ಲ.

1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಮೇಣ ಸವರಿದ ಕಾಗದದ ನೆಗೆಟಿವ್‌ಗಳಲ್ಲಿ ಹಂಪೆಯನ್ನು ಸೆರೆಹಿಡಿದನು. ಆ ಚಿತ್ರದಲ್ಲಿ ಈ ರಥದ ನೆತ್ತಿಯ ಮೇಲೆ ಇಟ್ಟಿಗೆಯ ಶಿಖರವೊಂದು ನಿಂತಿದೆ, ಇಂದು ಅದಿಲ್ಲ. ಇದನ್ನು ಅವ್ವನಿಗೆ ವಿವರಿಸಿ, “ಶಿಖರ ಹೋತವ್ವಾ, ಅದರ ಪಟ ಉಳಿದೈತಿ” ಎಂದೆ.

ಅವ್ವ ಬರಿದಾದ ಆ ನೆತ್ತಿಯನ್ನು ಗಳಿಗೆಹೊತ್ತು ದಿಟ್ಟಿಸಿದಳು. ಬಳಿಕ ಸೆರಗನ್ನು ತಲೆಯ ಮೇಲೆಳೆದುಕೊಂಡು ಮೊಮ್ಮಕ್ಕಳ ನಡುವೆ ಬಂದು ನಿಂತಳು.

“ಹೂಂ, ತೆಗಿಯಪ್ಪಾ” ಎಂದು ಛಾಯಾಗ್ರಾಹಕನಿಗೆ ತಾನೇ ಅಪ್ಪಣೆ ಕೊಟ್ಟಳು.

ಆ ಚಿತ್ರವೀಗ ನಮ್ಮ ಪಡಸಾಲೆಯ ಗೋಡೆಯ ಮೇಲಿದೆ. ಅದರಲ್ಲಿ ರಥ ಅರ್ಧ ಮಾತ್ರ ಕಾಣುತ್ತದೆ. ಅವ್ವ ಪೂರ್ತಿ ಕಾಣುತ್ತಾಳೆ.